ಗುಳ್ಳವ್ವನ ಸೊಟ್ಟ ಕಣ್ಣು

ನೆನೆದ ಎರೆಮಣ್ಣಿನ ವಾಸನೆ ಎಲ್ಲಿ ಬಂದರೂ ಈಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ. ಆ ಮನೆ ಹೋಗಿ ಎಷ್ಟೋ ವರ್ಷವಾಯಿತು. ಅಂಥದ್ದೊಂದು ಮನೆಯನ್ನು ನೀವೂ ಕಳೆದುಕೊಂಡಿದ್ದರೆ ಹೆಚ್ಚು ಹೇಳಬೇಕಿಲ್ಲ. ಆಷಾಢದ ಮಂಗಳವಾರಗಳಲ್ಲಿ ಗೌರತ್ತೆ ಅಲ್ಲಿ ಮಣ್ಣು ಹದ ಮಾಡುತ್ತ ಕೂರುತ್ತಿದ್ದಳು. ಆಕೆ ಅಪ್ಪನ ಅಕ್ಕ. ಮದುವೆ ಎಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಚಿಮ್ಮಡದ ಹೊಲದಿಂದ ತರಿಸಿದ ಮಣ್ಣನ್ನು ಹಿಂದಿನ ದಿನವೇ ನೆನೆಯಿಟ್ಟು, ಹರಳು ಆರಿಸಿ, ಹೋಳಿಗೆಯ ಕಣಕದಷ್ಟು ಮೆತ್ತಗೆ ನಾದುತ್ತಿದ್ದಳು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಆ ಮಣ್ಣಿನಲ್ಲಿ ಗುಳ್ಳವ್ವನೆಂಬ ದೇವಿಯ ಬೊಂಬೆ ಮಾಡಿ, ಕುಸುಬೆ ಕಾಳಿನ ಸರ ಇಟ್ಟು, ಗುಲಗಂಜಿಯ ಕಣ್ಣು ಒತ್ತಿ ಪೂಜಿಸುವುದು ಹೆಣ್ಣುಮಕ್ಕಳ ಹಬ್ಬ. ಗಂಡ ಸತ್ತವಳ ಕೈ ಗುಳ್ಳವ್ವನಿಗೆ ತಾಗಬಾರದೆಂಬುದು ನಮ್ಮ ಮನೆಯ ಕಟ್ಟು. ನಾವಿಬ್ಬರು ಅಕ್ಕತಂಗಿಯರು ಮಾಡದಿದ್ದರೆ ಮನೆಯಲ್ಲಿ ಗುಳ್ಳವ್ವ ಇಲ್ಲ. ಅತ್ತೆ ಮನಸಾರೆ ನಗುವ ದಿನಗಳೂ ಇಲ್ಲ.

ನಮಗೋ ಆಗ ಎಲ್ಲದರ ಮೇಲೂ ಬೇಸರ. ಮುಂಬೈ ಸರ್ಕಾರದ ಕಾಲ. ಶಾಂತಕ್ಕ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂಡುವವಳು, ನಾನು ಅವಳಿಗಿಂತ ಸ್ವಲ್ಪ ಚಿಕ್ಕವಳು. ಪುಸ್ತಕ ಹಿಡಿಯುವ ಕೈಗೆ ಕೆಸರು ಮೆತ್ತಿಕೊಳ್ಳುವುದು ಅವಮಾನ ಎನಿಸುತ್ತಿತ್ತು. "ನಾವೇನ ಸಣ್ಣ ಹುಡುಗೋರೇನ ಅತ್ತಿ?" ಎಂದು ಮೂಗು ಮುರಿಯುತ್ತಿದ್ದೆವು. ಅತ್ತೆ ಗದರಿಸುತ್ತಿರಲಿಲ್ಲ. ಒಂದಿಷ್ಟು ಮಣ್ಣು ಬೇರೆ ತೆಗೆದು, ಬೇಕೆಂದೇ ಕೆಟ್ಟದೊಂದು ಎತ್ತು ಮಾಡಿ, ಕೋಡಿನ ಜಾಗದಲ್ಲಿ ಕಿವಿ ಅಂಟಿಸಿ ನಮ್ಮೆದುರು ಇಡುತ್ತಿದ್ದಳು. "ನೋಡ್ರವ್ವಾ, ಛಲೋ ಆಗೇತೇನ?" ಶಾಂತಕ್ಕನಿಗೆ ಸೊಟ್ಟದ್ದನ್ನು ಕಂಡರೆ ಆಗದು. "ಇದೇನ ಎತ್ತೈತೋ ನಾಯಿ ಐತೋ, ಕೊಡ ಇಲ್ಲಿ" ಎಂದು ಕಸಿದುಕೊಳ್ಳುವಳು. ಅವಳ ಹಿಂದೆ ನಾನು. ಮೊಣಕೈವರೆಗೆ ಮಣ್ಣಾಗಿ, ನಾವು ಮೋಸಹೋದೆವೆಂದು ತಿಳಿಯುವ ಹೊತ್ತಿಗೆ ಗುಳ್ಳವ್ವ ಎದ್ದು ಕೂತಿರುತ್ತಿದ್ದಳು. ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಆ ವರ್ಷದ ಕಡೆಯ ಮಂಗಳವಾರ ಶಾಂತಕ್ಕ ಗುಲಗಂಜಿ ಹಿಡಿದು ಅತ್ತೆಯ ಕಡೆ ತಿರುಗಿದಳು. "ಅತ್ತಿ, ಇಷ್ಟ ಆಸೆ ಐತಿ, ನೀನ ಯಾಕ ಮಾಡಂಗಿಲ್ಲ?"

"ನನ್ನ ಕೈ ಹತ್ತಬಾರದವ್ವ" ಎಂದಳು ಅತ್ತೆ, ಮಣ್ಣು ಮೆತ್ತಿದ ಕೈಯನ್ನೇ ನೋಡಿಕೊಳ್ಳುತ್ತ. ಮನೆಯ ಕಟ್ಟು ಕಾಯುವ ಅಜ್ಜಿ ಹಿತ್ತಲಲ್ಲಿದ್ದಳು. ಶಾಂತಕ್ಕ ಅತ್ತೆಯ ಬೆರಳುಗಳ ನಡುವೆ ಗುಲಗಂಜಿ ಇಟ್ಟು, ಆ ಕೈ ಹಿಡಿದು ಗುಳ್ಳವ್ವನ ಮುಖಕ್ಕೆ ಒತ್ತಿದಳು. ಕಣ್ಣು ಸೊಟ್ಟಗೆ ಕೂತಿತು. ಶಾಂತಕ್ಕ ಅದನ್ನು ತಿದ್ದಲಿಲ್ಲ. ಸಂಜೆ ಅಜ್ಜಿ, "ಯಾರ ಒತ್ತಿದ್ರ ಬೇ ಈ ಕಣ್ಣ?" ಎಂದಾಗ ಶಾಂತಕ್ಕನೇ "ನಾನ" ಎಂದು ಬೈಗುಳ ತಿಂದಳು. ಅತ್ತೆ ಅಂದು ನಗಲಿಲ್ಲ. ಆರತಿ ಮುಗಿಯುವವರೆಗೂ ಆ ಕಣ್ಣನ್ನೇ ನೋಡುತ್ತ ಕೂತಿದ್ದಳು.

ಅತ್ತೆ, ಶಾಂತಕ್ಕ ಇಬ್ಬರೂ ಈಗ ಇಲ್ಲ. ನನ್ನ ಮೊಮ್ಮಗಳಿಗೆ ಮಣ್ಣು ಕೊಟ್ಟರೆ ನಾವು ಮಾಡುತ್ತಿದ್ದಂತೆಯೇ ಮುಖ ಸಿಂಡರಿಸುತ್ತಾಳೆ. ರಮಿಸುವ ಶಕ್ತಿ ನನಗಿಲ್ಲ, ದಣಿದಿದ್ದೇನೆ. ಆ ಸೊಟ್ಟ ಕಣ್ಣಿನ ಮರುವರ್ಷದ ಆಷಾಢವೊಂದೇ ನೆನಪಾಗುತ್ತದೆ. ಶಾಂತಕ್ಕ ಓದಲು ಜಮಖಂಡಿಯ ಸೋದರಮಾವನ ಮನೆ ಸೇರಿದ್ದಳು. ಯಾರೂ ಕರೆಯದೆ ನಾನೇ ಮಣ್ಣಿನ ಮುಂದೆ ಕೂತೆ. ಕಣ್ಣೊತ್ತುವ ಹೊತ್ತಿಗೆ ಅಕ್ಕನಂತೆ ಅತ್ತೆಯ ಕೈ ಹಿಡಿದೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು. "ಬ್ಯಾಡ ಬೇ. ಒಮ್ಮಿ ಆತಲ್ಲ, ನನಗ ಅಷ್ಟ ಸಾಕು" ಎಂದಳು. ಅವಳಿಗೆ ಅಷ್ಟು ಸಾಕಾಗಿತ್ತೆಂದು ಇವತ್ತಿಗೂ ನನಗೆ ನಂಬಲು ಆಗುವುದಿಲ್ಲ.