ಸೈನಿಕನ ಬಾಯಿಗೆ ಇಟ್ಟ ನಗು

ಕರಕ್, ಕರಕ್, ಕರಕ್. ಜಲ್ಲಿಯ ಮೇಲೆ ಬೂಟುಗಳು ನಡೆಯುತ್ತಿವೆ. ಬಾಗಿಲಾಚೆ ನಿಂತು ಕೇಳಿದವರಿಗೆ ಇಡೀ ತುಕಡಿಯೇ ಹಾದುಹೋಗುತ್ತಿದೆ ಅನ್ನಿಸಬೇಕು. ಇಣುಕಿದರೆ ಕಾಣುವುದು ಒಬ್ಬನೇ ಮನುಷ್ಯ. ಬಕ್ಕತಲೆ, ಮೊಣಕಾಲಿನವರೆಗೆ ಮಡಿಚಿದ ಪ್ಯಾಂಟು, ಕಾಲಿಗೆ ಯಾರದೋ ಅಳತೆಯ ಹಳೇ ಬೂಟು. ಜಲ್ಲಿ ತುಂಬಿದ ತಗಡಿನ ತಟ್ಟೆಯೊಳಗೆ ನಿಂತಲ್ಲೇ ನಡೆಯುತ್ತಿದ್ದಾನೆ. ಎದುರಿನ ಪರದೆಯ ಮೇಲೆ, ಅವನು ಹುಟ್ಟುವ ಮೊದಲೇ ತಮ್ಮ ನಡಿಗೆ ಮುಗಿಸಿಬಿಟ್ಟ ಸೈನಿಕರು ಮೂಕರಾಗಿ ಸಾಗುತ್ತಿದ್ದಾರೆ. ಅವರಲ್ಲೊಬ್ಬ ಕುಂಟಿದರೆ ಇವನೂ ಕುಂಟುತ್ತಾನೆ.

ಸ್ಟುಡಿಯೋದಲ್ಲಿ ಅವನನ್ನು ಗುಡುಗಣ್ಣ ಎನ್ನುತ್ತಾರೆ. ಚಿಕ್ಕವನಿದ್ದಾಗ ನಾಟಕದ ಕಂಪನಿಯೊಂದರಲ್ಲಿ ಪರದೆಯ ಹಿಂದೆ ನಿಂತು, ತಗಡಿನ ಹಾಳೆ ಅಲ್ಲಾಡಿಸಿ ಗುಡುಗು ಹುಟ್ಟಿಸುತ್ತಿದ್ದ. ಕಂಪನಿ ಬಾಗಿಲು ಹಾಕಿತು, ಹೆಸರು ಉಳಿಯಿತು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವ ಮನುಷ್ಯನಿಗೆ ಇದೆಂಥ ಹೆಸರು ಎಂದು ಹೊಸಬರಿಗೆ ನಗು. ಅವನ ಕೋಣೆಯಲ್ಲಿ ಗುಜರಿ ಅಂಗಡಿಯೇ ಇದೆ. ಹಳೇ ಕೊಡೆಯನ್ನು ಫಕ್ಕನೆ ಬಿಚ್ಚಿದರೆ ಪ್ಯಾರಾಚೂಟು. ಸೂಟ್‌ಕೇಸಿನ ಚಿಲಕ ಎಳೆದರೆ ಬಂದೂಕಿನ ಕುದುರೆ. ಒದ್ದೆ ಟವೆಲನ್ನು ಹಲಗೆಗೆ ಬಡಿದರೆ ಕೆಸರಿನಲ್ಲಿ ಓಡುವ ಕಾಲು.

ಆ ವರ್ಷ ಒಂದು ಚಾನೆಲ್ಲಿಗಾಗಿ ಎರಡನೇ ಮಹಾಯುದ್ಧದ ಬಗ್ಗೆ ಸಾಕ್ಷ್ಯಚಿತ್ರಗಳ ಸರಣಿ ತಯಾರಾಗುತ್ತಿತ್ತು. ಎಲ್ಲವೂ ಕರಾರುವಾಕ್ಕಾಗಿರಬೇಕು ಎನ್ನುವುದು ನಿರ್ದೇಶಕಿಯ ಹಟ. ಅದಕ್ಕೆಂದೇ ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿದ್ದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಗುಂಡಿ, ಪಟ್ಟಿ, ಟ್ಯಾಂಕಿನ ಚಕ್ರ ಎಲ್ಲವನ್ನೂ ನೋಡುತ್ತಿದ್ದರು. ಒಮ್ಮೆ ಒಂದು ದೃಶ್ಯವನ್ನೇ ತೆಗೆಸಿಹಾಕಿದರು. ಆ ಹೆಲ್ಮೆಟ್ಟುಗಳು ಮೊದಲನೇ ಯುದ್ಧದವಂತೆ. ಇವರೆಲ್ಲ ಇಪ್ಪತ್ತು ವರ್ಷ ಮೊದಲೇ ಸತ್ತವರು, ಇವರನ್ನು ಮತ್ತೆ ಸಾಯಿಸಬೇಡಿ ಎಂದರಂತೆ. ಆದರೆ ಸದ್ದು ಸೇರಿಸುವ ದಿನ ಅದೇ ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಆ ಕಾಲದ ಕ್ಯಾಮೆರಾಗಳು ರಣರಂಗದಲ್ಲಿ ಹಿಡಿದದ್ದು ಹೆಚ್ಚಾಗಿ ಬರೀ ಚಿತ್ರ. ಸದ್ದು ಅಲ್ಲೇ ಗಾಳಿಯಲ್ಲಿ ಹೋಯಿತು. ಹೋದದ್ದನ್ನು ಯಾವ ಪುಸ್ತಕ ತೆರೆದು ತಾಳೆ ನೋಡುವುದು? ಅದು ನಿಮ್ಮ ಇಲಾಖೆ, ಎಂದು ಗುಡುಗಣ್ಣನಿಗೆ ಬಿಟ್ಟುಬಿಟ್ಟಿದ್ದರು.

ಹೀಗಿರುವಾಗ ಬಂದದ್ದು ರೈಲಿನ ದೃಶ್ಯ. ನಿಂತ ರೈಲಿನ ಪಕ್ಕ ನಮ್ಮ ದೇಶದ ಸೈನಿಕರು ಮುಖ ತೊಳೆಯುತ್ತಿದ್ದಾರೆ. ಒಬ್ಬ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಫಕ್ಕನೆ ಕ್ಯಾಮೆರಾದ ಕಡೆ ತಿರುಗಿ ಬಾಯಿ ತೆರೆಯುತ್ತಾನೆ. ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ. ಗುಡುಗಣ್ಣ ನೀರಿನ ಸದ್ದು ಕೊಟ್ಟ, ಉಗಿಯ ಸದ್ದು ಕೊಟ್ಟ. ನಿರ್ದೇಶಕಿಗೆ ಸಮಾಧಾನವಿಲ್ಲ. ಅಷ್ಟು ಚೆನ್ನಾಗಿ ನಗುತ್ತಿರುವವನ ಬಾಯಿ ಖಾಲಿ ಇದ್ದರೆ ಹೇಗೆ, ಒಂದು ನಗು ಹಾಕಿ ಎಂದಳು. ಗುಡುಗಣ್ಣ ಮೈಕಿನ ಮುಂದೆ ನಿಂತು ಆ ಹಲ್ಲಿಲ್ಲದ ಸಂದನ್ನೇ ನೋಡಿದ. ಯಾಕೋ ಒಳಗಿನಿಂದ ನಗು ಉಕ್ಕಿತು. ಎದೆಯಿಂದ ಎದ್ದು, ಮೇಲೇರಿ, ಕೊನೆಗೆ ಉಸಿರು ಸಿಕ್ಕಿಕೊಂಡು ಬಿಕ್ಕಿದಂತೆ ನಿಲ್ಲುವ ನಗು. ಅದು ಸೈನಿಕನ ತುಟಿಗೆ ಹೊಲಿದ ಹಾಗೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತವನೊಬ್ಬನ ಗಂಟಲು ಮರಳಿ ಕೊಟ್ಟೆ ಎಂದು ಅವನಿಗೂ ಆ ದಿನ ಹೆಮ್ಮೆಯಾಯಿತು. ಆಮೇಲೆ ಆ ಹೆಮ್ಮೆಯನ್ನು ನೆನೆದಾಗಲೆಲ್ಲ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಗುಡುಗಣ್ಣನ ಮನೆಯ ಕೆಳಗಿನ ಮಹಡಿಯಲ್ಲಿ ಹೆಂಡತಿಯ ದೊಡ್ಡಮ್ಮ, ಅಂದರೆ ಅವಳ ದೊಡ್ಡಪ್ಪನ ಹೆಂಡತಿ, ಇದ್ದರು. ತಾಯಿಯಿಲ್ಲದ ಅವಳನ್ನು ಸಾಕಿದವರು. ಅವನ ಪಾಲಿಗೆ ದೊಡ್ಡತ್ತೆ. ಎಂಬತ್ತು ದಾಟಿದರೂ ಮಾತು ಚುರುಕು, ಕಿವಿ ಇನ್ನೂ ಚುರುಕು. ಅವರ ಅಪ್ಪ ಆ ಯುದ್ಧಕ್ಕೆ ಹೋಗಿ ಮರಳದವನು. ಆಗ ಇವರಿನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಇನ್ನೊಂದು ಹೊಟ್ಟೆಗೆ ಎಲ್ಲಿಂದ ತರಲಿ ಎಂದು ಜಗಳ ಮಾಡಿ, ಸಿಟ್ಟಿನಿಂದಲೇ ಹೆಸರು ಬರೆಸಿ ಹೋದ ಎಂದು ತಾಯಿ ಹೇಳುತ್ತಿದ್ದರಂತೆ. ನಾನು ಹುಟ್ಟುತ್ತೇನೆ ಅಂತಲೇ ನಮ್ಮಪ್ಪ ಹೋದದ್ದು ಎಂದು ದೊಡ್ಡತ್ತೆ ನಗುತ್ತ ಹೇಳುತ್ತಿದ್ದರು. ಹೇಳಿದ ಮೇಲೆ ಸೆರಗಿನಿಂದ ಏನೂ ಇಲ್ಲದ ಮೇಜನ್ನು ಒರೆಸುತ್ತಿದ್ದರು. ಅಪ್ಪನದೆಂದು ಉಳಿದದ್ದು ಒಂದೇ ಫೋಟೊ, ತುಟಿ ಬಿಗಿಹಿಡಿದದ್ದು.

ಸರಣಿಯ ಆ ಕಂತು ಬಂದ ಭಾನುವಾರ ಎಲ್ಲರೂ ಕೆಳಗಿನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದರು. ರೈಲಿನ ದೃಶ್ಯ ಬಂತು, ಸೈನಿಕ ತಿರುಗಿದ, ನಕ್ಕ. ದೊಡ್ಡತ್ತೆ ಕುರ್ಚಿಯ ತುದಿಗೆ ಸರಿದರು. ಟಿವಿಯವರು ಅದೇ ತುಣುಕನ್ನು ಕೊನೆಯಲ್ಲಿ ಇನ್ನೊಮ್ಮೆ ತೋರಿಸಿದಾಗ ಎದ್ದೇ ನಿಂತರು. ಫೋಟೊ ತರಿಸಿದರು. ಹುಬ್ಬು ಹೋಲುತ್ತದೆ, ಕಿವಿ ಹೋಲುತ್ತದೆ ಎಂದು ಮನೆಯವರು ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮುಖ ಒಬ್ಬರ ಹಾಗೆ ಏಳು ಜನರದ್ದಿರಬಹುದು. ಈ ನಗು ನಮ್ಮಣ್ಣನದ್ದು ಎಂದರು. ತೀರಿಹೋದ ಅವರಣ್ಣ ಹೀಗೇ, ಕೊನೆಯಲ್ಲಿ ಉಸಿರು ಸಿಕ್ಕಿಸಿಕೊಂಡು ನಗುತ್ತಿದ್ದನಂತೆ. ಅವನಿಗೆ ಎಲ್ಲಿಂದ ಬಂತು ಮತ್ತೆ, ಅಪ್ಪನಿಂದ ತಾನೇ?

ಆಮೇಲೆ ಅವರು ಅಳಿಯನ ಕಡೆ ತಿರುಗಿದರು.

"ಬೂಟು ಗೀಟು, ಢಂ ಢಮಾರ್ ಎಲ್ಲ ನಿಂದು ಅಂತ ಗೊತ್ತು ಕಣಪ್ಪ. ಆದ್ರೆ ಮನುಷ್ಯರ ಗಂಟಲು ಅವರದ್ದೇ ತಾನೇ?"

ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡಿದರು. ಅವನ ಕೈಯಲ್ಲಿದ್ದ ಲೋಟ ತುಟಿಯವರೆಗೆ ಬಂದು ನಿಂತಿತ್ತು.

"ಹೂಂ," ಎಂದ.

ಅಷ್ಟೇ. ಒಂದು ಮಾತು ಕೂಡ ಅಲ್ಲ, ಬಾಯಿ ಮುಚ್ಚಿಕೊಂಡೇ ಹೊರಡಿಸಬಹುದಾದ ಸದ್ದು.

ಮೇಲೆ ಬಂದ ಮೇಲೆ ಹೆಂಡತಿ ತೊಳೆದ ಪಾತ್ರೆ ಬೋರಲು ಹಾಕುತ್ತ, ತಿರುಗಿ ನೋಡದೆ ಕೇಳಿದಳು. "ಅದು ನಿಮ್ಮ ನಗು ಅಲ್ವಾ?"

ಅವನು ಒಂದು ಲೋಟ ಎತ್ತಿಕೊಂಡು ಒರೆಸತೊಡಗಿದ.

"ನಮ್ಮ ಮದುವೆ ಆದಾಗಿಂದ ನಾಲ್ಕೋ ಐದೋ ಸಲ ಕೇಳಿರಬೇಕು. ಅಪರೂಪದ್ದು, ಮರೀತೀನಾ? ಬೇರೆ ಯಾರಿಗೆ ಗೊತ್ತಾಗ್ಬೇಕು ಹೇಳಿ, ನೀವು ನಕ್ಕಿದ್ದನ್ನ ಕಂಡವರು ಈ ಮನೇಲಿ ಯಾರಿದ್ದಾರೆ?" ಒಂದು ತಟ್ಟೆ ಇಟ್ಟಳು. "ನಾಳೆ ಬೆಳಿಗ್ಗೇನೇ ಹೇಳ್ಬಿಡ್ರೀ. ಆಮೇಲೆ ಅಂದ್ರೆ ಗಂಟಲಲ್ಲೇ ಕೂತ್ಕೊಳ್ಳುತ್ತೆ."

ಬೆಳಿಗ್ಗೆ ಅವನು ಮೆಟ್ಟಿಲಿಳಿದಾಗ ದೊಡ್ಡತ್ತೆ ಬಾಗಿಲಲ್ಲೇ ಕಾದಿದ್ದರು. ಆ ನಗುವನ್ನಷ್ಟೇ ಕತ್ತರಿಸಿ ನನ್ನ ಫೋನಿಗೆ ಹಾಕಿಕೊಡು ಎಂದು ಕೇಳಿದರು. ಅವರ ಮುಖ ನೋಡಿ ಅವನು ಆಗಲಿ ಎಂದ. ಸಂಜೆ ತಂದುಕೊಟ್ಟ. ತನ್ನ ಕೈಯಾರೆ, ಹಿಂದುಮುಂದಿನ ಗದ್ದಲವನ್ನೆಲ್ಲ ತೆಗೆದು ಶುಚಿಮಾಡಿ ಕೊಟ್ಟ.

ಅಂದಿನಿಂದ ಊಟವಾದ ಮೇಲೆ ಕೆಳಗಿನ ಮನೆಯಿಂದ ಅವನದೇ ನಗು ಮೆಟ್ಟಿಲು ಹತ್ತಿ ಬರತೊಡಗಿತು. ರಜೆಯ ದಿನ ಅವನು ಊಟ ಅರ್ಧಕ್ಕೆ ಬಿಟ್ಟು ತಾರಸಿಗೆ ಹೋಗುತ್ತಿದ್ದ. ಅಲ್ಲಿಗೂ ಕೇಳುತ್ತಿತ್ತು. ಕೆಲಸದಲ್ಲೂ ಕೈ ಕೆಟ್ಟಿತು. ಪರದೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, ಇವನಿಗೆ ಯಾವ ಮಗಳು ಎಲ್ಲಿ ಕೂತು ಕೇಳುತ್ತಾಳೋ ಎಂದು ಅಂಜಿಕೆ. ಅಷ್ಟರಲ್ಲಿ ದೊಡ್ಡತ್ತೆಯ ಮಾತೇ ಬದಲಾಗಿತ್ತು. ಹೀಗೆ ನಗುವ ಮನುಷ್ಯ ಮುನಿಸಿಕೊಂಡು ಹೋಗಿರುವುದು ಸಾಧ್ಯವೇ, ಅಮ್ಮನಿಗೇ ಏನೋ ತಪ್ಪಾಗಿ ಕೇಳಿಸಿರಬೇಕು ಎನ್ನತೊಡಗಿದರು. ಎಂಬತ್ತು ವರ್ಷ ಎದೆಯ ಮೇಲಿದ್ದ ಕಲ್ಲನ್ನು ಎತ್ತಿ ಇಟ್ಟವರ ಹಾಗೆ ನಡೆಯುತ್ತಿದ್ದರು. ಹೆಂಡತಿ ದಿನವೂ ಕಣ್ಣಿನಲ್ಲೇ ಕೇಳುತ್ತಿದ್ದಳು, ಹೇಳಿದಿರಾ? ಕೊನೆಗೆ ಕೇಳುವುದನ್ನೂ ಬಿಟ್ಟಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಒಂದು ದಿನ ದೊಡ್ಡತ್ತೆ ಯಾರಿಗೂ ಹೇಳದೆ ಚಾನೆಲ್ಲಿನ ನಂಬರಿಗೆ ಫೋನ್ ಮಾಡಿದರು. ನಿರ್ದೇಶಕಿ ಕುಣಿದಾಡಿಬಿಟ್ಟಳು. ಕೊನೆಯ ಕಂತಿಗೆ ಇದಕ್ಕಿಂತ ಏನು ಬೇಕು, ಅಪ್ಪನ ನಗು ಕೇಳಿ ಗುರುತು ಹಿಡಿದ ಮಗಳು. ಮೇಷ್ಟ್ರನ್ನು ಕೇಳಿದ್ದಾಯಿತು, ಅವರು ಅಪ್ಪನ ದಳದ ಹೆಸರು, ಇಸವಿ ಎಲ್ಲ ನೋಡಿ, ಆ ಮನುಷ್ಯನೇ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ ಎಂದರು. ಗುಡುಗಣ್ಣ ಎಂದಿಲ್ಲದ ಧೈರ್ಯ ಮಾಡಿ ನಿರ್ದೇಶಕಿಯ ಮೇಜಿನ ಮುಂದೆ ನಿಂತ.

"ಮೇಡಂ, ಆ ನಗು ನಂದು. ನೀವೇ ಹಾಕಿಸಿದ್ದು."

"ಗೊತ್ತಲ್ಲ ಗುಡುಗಣ್ಣ. ನಾವೆಲ್ಲಿ ಅವರಪ್ಪಂದು ಅಂದ್ವಿ? ಅವರು ಅಂತಾರೆ, ನಾವು ತೋರಿಸ್ತೀವಿ. ಇದರಲ್ಲಿ ಸುಳ್ಳು ಹೇಳ್ತಿರೋರು ಯಾರು?"

ಯಾರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಲೆ ತಗ್ಗಿಸಿ ಹೊರಬಂದ.

ಚಿತ್ರೀಕರಣದ ಮಧ್ಯಾಹ್ನ ಸದ್ದಿನ ಕೆಲಸವೂ ಅವನ ಪಾಲಿಗೇ ಬಂತು. ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ನಿರ್ದೇಶಕಿ, ಕ್ಯಾಮೆರಾದವನು ದೀಪ ಹೊಂದಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ದೊಡ್ಡತ್ತೆ ಒಗೆದ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದರು. ಅವನು ಮೊಣಕಾಲೂರಿ, ಅವರ ಸೆರಗಿಗೆ ಪುಟ್ಟ ಮೈಕನ್ನು ಸಿಕ್ಕಿಸಲು ಹೋದ. ಅದು ಎರಡು ಸಲ ಜಾರಿತು.

"ದೊಡ್ಡತ್ತೆ, ಆ ನಗು ನಂದು."

"ಏನು ನಿಂದು?"

"ಅವತ್ತು ನೀವು ಗಂಟಲು ಅವರದ್ದೇ ತಾನೇ ಅಂತ ಕೇಳಿದ್ರಿ. ನಾನು ಹೂಂ ಅಂದೆ. ಅವರದ್ದಲ್ಲ. ಆ ಫಿಲ್ಮಿನಲ್ಲಿ ಸದ್ದೇ ಇರ್ಲಿಲ್ಲ. ನಾನು ನಕ್ಕು ಸೇರಿಸಿದ್ದು."

ದೊಡ್ಡತ್ತೆ ಅವನನ್ನು ನೋಡಿದರು. "ನಿನಗೆಲ್ಲಪ್ಪ ನಗೋಕೆ ಬರುತ್ತೆ?" ಎಂದರು, ಮಗುವನ್ನು ರಮಿಸುವ ದನಿಯಲ್ಲಿ.

ನಂಬಿಸಲು ಇದ್ದದ್ದು ಒಂದೇ ದಾರಿ. ಅವನು ಕಣ್ಣು ಮುಚ್ಚಿದ. ಮೊದಲು ಬಂದದ್ದು ಒಣ ಕೆಮ್ಮಿನಂಥದ್ದು. ಎರಡನೆಯ ಸಲ ಆ ಹಲ್ಲಿಲ್ಲದ ಸಂದನ್ನು ನೆನೆದ. ನಗು ಎದೆಯಿಂದ ಎದ್ದು, ಮೇಲೇರಿ, ಕೊನೆಗೆ ಉಸಿರು ಸಿಕ್ಕಿಕೊಂಡು ನಿಂತಿತು. ಕಣ್ಣು ತೆರೆದಾಗ ದೊಡ್ಡತ್ತೆಯ ಅಂಗೈ ಅವನ ಗಂಟಲ ಮೇಲಿತ್ತು. ಅದು ಅಲ್ಲಿ ತುಂಬ ಹೊತ್ತು ಇತ್ತು. ಆಮೇಲೆ ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದಕ್ಕೆಳೆದುಕೊಂಡರು.

"ಹಾಗಾದ್ರೆ ಅವನ ನಗು ಹೇಗಿತ್ತು?"

"ಗೊತ್ತಿಲ್ಲ."

"ನಗ್ತಿದ್ದ ಅಂತಾದ್ರೂ ಗೊತ್ತಾ? ಕೆಮ್ತಿದ್ನೋ, ಯಾರಿಗಾದ್ರೂ ಬೈತಿದ್ನೋ?"

ಈ ಪ್ರಶ್ನೆಯನ್ನು ಅವನು ತನಗೆ ತಾನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬಾಯಿ ತೆರೆದದ್ದನ್ನಷ್ಟೇ ಕಂಡಿದ್ದ. ನಗು ಎಂದಳು ನಿರ್ದೇಶಕಿ, ನಕ್ಕುಬಿಟ್ಟಿದ್ದ.

"ಅದೂ ಗೊತ್ತಿಲ್ಲ ದೊಡ್ಡತ್ತೆ."

"ಅವನ ಬಾಯಿಗೆ ನಗು ಇಟ್ಟೆ," ಎಂದರು ಅವರು, ಮೆಲ್ಲಗೆ, ಗೋಡೆಗೆ ಹೇಳುವಂತೆ. "ಇನ್ನು ನನ್ನ ಬಾಯಿಗೆ ಏನಿಡ್ತೀಯ?"

ಹೊರಗಿನಿಂದ ನಿರ್ದೇಶಕಿ ಕರೆದಳು. ದೊಡ್ಡತ್ತೆ ಅವನ ಭುಜ ಹಿಡಿದು ಎದ್ದರು. ಮೈಕನ್ನು ತಾವೇ ಸೆರಗಿಗೆ ಸಿಕ್ಕಿಸಿಕೊಂಡರು.

ಗುಡುಗಣ್ಣ ಮೂಲೆಯ ಸ್ಟೂಲಿನ ಮೇಲೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ದೀಪದ ಬೆಳಕಿನಲ್ಲಿ ದೊಡ್ಡತ್ತೆ ಚಿಕ್ಕವರಾಗಿ ಕಂಡರು. ಅವರ ಉಸಿರು ಮಾತ್ರ ಅವನ ಕಿವಿಯೊಳಗೇ ಆಡುತ್ತಿತ್ತು. ಬಾಗಿಲಿಗೆ ಒರಗಿ ಹೆಂಡತಿ ನಿಂತಿದ್ದಳು. ಅವನು ಅವಳತ್ತ ಒಮ್ಮೆ ತಲೆಯಾಡಿಸಿದ; ಹೇಳಿದೆ ಎಂಬಂತೆ. ಅವಳ ಮುಖ ಸಡಿಲಾಯಿತು.

ನಿರ್ದೇಶಕಿ ಮೃದುವಾಗಿ ಕೇಳಿದಳು, ಇಷ್ಟು ವರ್ಷದ ಮೇಲೆ ತಂದೆಯ ನಗು ಕಿವಿಗೆ ಬಿದ್ದಾಗ ಏನನ್ನಿಸಿತು ಎಂದು.

ದೊಡ್ಡತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಗುಡುಗಣ್ಣನ ಕಿವಿಯಲ್ಲಿ ಬಟ್ಟೆ ಉಜ್ಜುವ ಸದ್ದು ಕೇಳಿಸಿತು. ಆಮೇಲೆ ಅವರ ದನಿ, ಒಂದಿಷ್ಟೂ ನಡುಗದ ದನಿ.

"ನಮ್ಮಪ್ಪ ನನ್ನ ಮೇಲೆ ಮುನಿಸ್ಕೊಂಡು ಹೋದವನಲ್ಲ ಅಂತ ಗೊತ್ತಾಯ್ತು. ಅಷ್ಟೇ. ನಗುನಗುತ್ತಾ ಹೋದವನು ಅವನು. ನಾನೇ ಕೇಳಿದ್ದೀನಿ."

ಬಾಗಿಲಲ್ಲಿದ್ದ ಹೆಂಡತಿ ಗಂಡನ ಕಡೆ ಗಕ್ಕನೆ ತಿರುಗಿದಳು. ಅವನು ಕಣ್ಣು ತಪ್ಪಿಸಿದ. ದೊಡ್ಡತ್ತೆಗೆ ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದಾರೆ. ಅವನು ಒಂದು 'ಹೂಂ'ನಲ್ಲಿ ಹೇಳಿದ ಸುಳ್ಳನ್ನು ಅವರು ಈಗ ಬಾಯ್ತುಂಬ, ದೀಪದ ಎದುರಿಗೆ, ತಮ್ಮದೆಂದು ಹೊತ್ತುಕೊಂಡಿದ್ದಾರೆ. ಕೆಳಗಿಳಿಸಿ ಎಂದು ಹೇಳುವ ಬಾಯಿ ಅವನಿಗೆಲ್ಲಿದೆ?

ನಗು ಅವರದ್ದೇ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀರಿ ಎಂದು ನಿರ್ದೇಶಕಿ ಕೇಳಿದಳು.

"ನಮ್ಮಳಿಯನ್ನ ಕೇಳಿ. ಅದೇ ಕೆಲಸದೋನು." ದೊಡ್ಡತ್ತೆ ದೀಪದಾಚೆಯ ಕತ್ತಲೆಯಲ್ಲಿ ಅವನನ್ನು ಹುಡುಕಿದರು. "ಹೇಳಪ್ಪ. ಮನುಷ್ಯರ ಗಂಟಲು ಅವರದ್ದೇ ತಾನೇ?"

ಕ್ಯಾಮೆರಾ ಅವನತ್ತ ಹೊರಳಿತು. ದೊಡ್ಡತ್ತೆಯ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಬಾಯಿ ಮುಚ್ಚಿಕೊಂಡೇ ಹೊರಡಿಸಬಹುದಾದ ಆ ಒಂದು ಸದ್ದು, ಅಷ್ಟೇ ಅವರು ಕೇಳಿದ್ದು. ಅವನ ಗಂಟಲಿನವರೆಗೆ ಅದು ಬಂತು. ಅಲ್ಲಿ ಅವರ ಅಂಗೈ ಇನ್ನೂ ಇದ್ದಂತಿತ್ತು.

ಅವನು ಹೆಡ್‌ಫೋನ್ ತೆಗೆದು ಸ್ಟೂಲಿನ ಮೇಲಿಟ್ಟ. ಹೆಂಡತಿಯ ಪಕ್ಕದಿಂದ, ಅವಳ ತೋಳಿಗೂ ತಾಗದಂತೆ ಸರಿದು, ಚಪ್ಪಲಿ ಮೆಟ್ಟಿದ. "ಯಾಕಪ್ಪ, ಹೇಳಿ ಹೋಗು," ಎಂದು ದೊಡ್ಡತ್ತೆ ಒಳಗಿನಿಂದ ಕರೆಯುತ್ತಿದ್ದರು. ನಿರ್ದೇಶಕಿಯೂ ಏನೋ ಹೇಳುತ್ತಿದ್ದಳು. ಹೊಸದಾಗಿ ಜಲ್ಲಿ ಹಾಕಿದ್ದ ಅಂಗಳ ದಾಟಿ, ಅವನು ಆದಷ್ಟು ಸದ್ದಾಗದಂತೆ ಹೆಜ್ಜೆಯಿಡುತ್ತ ಗೇಟಿನ ಕಡೆ ನಡೆದ.