ಗೋಣಿತಟ್ಟಿನ ಹಿಂದಿನ ಕೆಂಪು

೧೯೧೮ರಲ್ಲಿ ನಾನು ಓದು ಬಿಟ್ಟೆ. ಬೆಳಗಾವಿಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಮುಗಿದಿತ್ತು. ಬಿಡು ಎಂದು ಯಾರೂ ಹೇಳಲಿಲ್ಲ, ನಾನೇ ಬಿಟ್ಟು ಕೆಲಸ ಹುಡುಕಿ ಪುಣೆಗೆ ಬಂದೆ. ಅಂದಿನಿಂದ ಇಂದಿನವರೆಗೆ ಒಬ್ಬರ ಮುಂದೆಯೂ ಕೈಚಾಚಿದವನಲ್ಲ.

ಮೊನ್ನೆ ಇಲ್ಲಿನ ಕ್ಯಾಂಪ್ ಪೇಟೆಯಲ್ಲಿ ಒಬ್ಬ ಭಜಿ ಮಾರುವವನ ಕುಸುಬಿ ಎಣ್ಣೆ ಹೊತ್ತಿ ಕಮರು ಎದ್ದಿತು. ಕಾಲು ತಾನಾಗಿ ನಿಂತಿತು. ಹಿಂದೆ ನಾನು ಆಳಾಗಿದ್ದ ಟಾಂಗಾ ಕಟ್ಟುವ ಕಾರಖಾನೆಯಲ್ಲಿ, ಕಾದ ಸ್ಪ್ರಿಂಗಿನ ಪಟ್ಟಿಯನ್ನು ಎಣ್ಣೆಗೆ ಇಳಿಸಿದಾಗ ಏಳುತ್ತಿದ್ದುದು ಇದೇ ವಾಸನೆ. ಅದರ ಹಿಂದೆಯೇ ಅಲ್ಲಿನ ಭಟ್ಟಿಯ ಮಿಸ್ತ್ರಿ ನೆನಪಾದರು...

ಸ್ಪ್ರಿಂಗಿಗೆ ಹದ ಕೊಡುವುದು ಅವರೊಬ್ಬರ ಕೆಲಸ. ಪಟ್ಟಿ ತಕ್ಕಷ್ಟು ಕೆಂಪಾದಾಗ ಎಣ್ಣೆಗೆ ಹೋಗಬೇಕು. ಕಡಿಮೆ ಕಾದರೆ ಬಾಗುತ್ತದೆ, ಹೆಚ್ಚು ಕಾದರೆ ಬಳೆಯ ಹಾಗೆ ಮುರಿಯುತ್ತದೆ. ಮಿಸ್ತ್ರಿ ತಮ್ಮ ಭಟ್ಟಿಯ ಮೂಲೆಗೆ ಸುತ್ತಲೂ ಗೋಣಿತಟ್ಟು ಕಟ್ಟಿದ್ದರು, ಕಿಟಕಿಯನ್ನೂ ಬಿಟ್ಟಿರಲಿಲ್ಲ. ಒಳಗೆ ಯಾರೂ ಕಾಲಿಡುವಂತಿಲ್ಲ. ಪಕ್ಕದಲ್ಲೇ ಸುತ್ತಿಗೆ ಹೊಡೆಯುತ್ತಿದ್ದ ನಾನೂ ತಮ್ಮ ಬೆಳಗಾವಿ ಕಡೆಯವನೇ ಎಂಬ ದಾಕ್ಷಿಣ್ಯ ಅವರಿಗಿರಲಿಲ್ಲ. ಒಮ್ಮೆ ತಟ್ಟು ಸರಿಸಿ ಇಣುಕಿದೆ. ಮಾಗಿದ ಬಾರಿಹಣ್ಣಿನಂಥ ಕೆಂಪು ಕಂಡಿತು, ಅಷ್ಟೇ.

"ಹೊರಗ ನಿಂದ್ರಪಾ," ಎಂದರು. "ಸುತ್ತಿಗಿ ಹೊಡಿಯೋ ಕೈಗೆ ಕಣ್ಣ ಯಾಕ ಬೇಕು?"

"ನಾಳೆ ನಿಮಗ ಏನರ ಆದ್ರ ಯಾರ್ ಮಾಡೋರ್ರಿ?"

"ಏನರ ಆಗ್ಲಿ ಅಂತ ಕಾಯಾಕತ್ತೀಯೇನು?"

ಉಳಿದವರೆಲ್ಲ ನಕ್ಕರು. ಆ ನಗು ನನಗೆ ಬಹಳ ದಿನ ಚುಚ್ಚಿತು.

ಕಡೆಗೆ ಮಾಲಕರಿಗೂ ಸಾಕಾಯಿತು. ಮಿಸ್ತ್ರಿ ಕೆಮ್ಮಿನಿಂದ ಮಲಗಿದ ದಿನವೆಲ್ಲ ಕೆಲಸ ನಿಲ್ಲುತ್ತಿತ್ತು. ಇನ್ನೊಬ್ಬರಿಗೆ ಕಲಿಸು ಎಂದರು, ಇವರು ಒಲ್ಲೆ ಎಂದರು. ಅದೇ ವಾರ ಅವರನ್ನು ಬಿಡಿಸಿ ಭಟ್ಟಿಯನ್ನು ನನಗೆ ಕೊಟ್ಟರು. ಇಲ್ಲಿ ಇನ್ನು ಮುಚ್ಚುಮರೆ ಬೇಡವೆಂದು ಮಾಲಕರೇ ನಿಂತು ತಟ್ಟನ್ನೆಲ್ಲ ಕಿತ್ತುಹಾಕಿಸಿದರು. ಆ ಮೂಲೆಗೆ ಮೊದಲ ಸಲ ಬಿಸಿಲು ಬಿತ್ತು. ನನಗೂ ಅದು ಸರಿಯೇ ಅನಿಸಿತ್ತು.

ಅದೇ ಬಾರಿಹಣ್ಣಿನ ಕೆಂಪು ಬರುವವರೆಗೆ ಕಾಯಿಸಿ, ಅದೇ ಎಣ್ಣೆಗೆ ಇಳಿಸಿದೆ. ಕೆಲಸದಲ್ಲಿ ಕಳ್ಳತನ ಮಾಡಿದವನಲ್ಲ ನಾನು. ಪಟ್ಟಿಗಳು ನೋಡಲು ಚೆನ್ನಾಗಿಯೇ ಇದ್ದವು.

ಮಳೆಗಾಲ ಕಳೆಯುವುದರೊಳಗೆ ಒಂದು ಟಾಂಗಾದ ಸ್ಪ್ರಿಂಗು ಇಳಿಜಾರಿನಲ್ಲಿ ಮುರಿಯಿತು. ಟಾಂಗಾದವನು ಗಾಲಿಯ ಕೆಳಗೆ ಸಿಕ್ಕಿ ಸತ್ತ. ನಮ್ಮ ಬಾಗಿಲ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದವನೇ. ಮಾಲಕರು ತಪ್ಪನ್ನು ನನ್ನ ಮೇಲೆ ಹೊರಿಸಿದರು. ಇನ್ನೊಂದು ಮುರಿದರೆ ಪುಣೆಯಲ್ಲಿ ಎಲ್ಲಿಯೂ ಕೆಲಸ ಸಿಗದ ಹಾಗೆ ಮಾಡುತ್ತೇನೆ ಎಂದರು.

ಅಭಿಮಾನ ನುಂಗಿಕೊಂಡು ಪುಣೆಯ ಹೊರಗಿನ ಹಡಪಸರದ ದಾರಿ ಹಿಡಿದೆ. ಮಿಸ್ತ್ರಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಡೆದದ್ದನ್ನು ಹೇಳಿದೆ. ಸತ್ತವನು ಯಾರು ಎಂದು ಕೇಳಿ, ಮೊಣಕೈ ಊರಿ ಅರ್ಧ ಎದ್ದು ಕೂತರು.

"ತಟ್ಟು ತಗದ್ರೇನು?"

"ಹೌದ್ರಿ. ಮಾಲಕರು ತಗಿಸಿದ್ರು."

"ಬಿಸಲಾಗ ಬೆಂಕಿ ಬಣ್ಣ ಖರೇ ಕಾಣ್ತದೇನೋ ಹುಚ್ಚಾ? ಬೆಳಕಿನ್ಯಾಗ ನಿನಗ ಅಷ್ಟ ಕೆಂಪ ಕಾಣಬೇಕಂದ್ರ ಅದು ಎಂದೋ ಮೀರಿ ಕಾದಿರ್ತದ. ಕತ್ತಲಾಗ ನೋಡಬೇಕು."

ತಟ್ಟು ನಮ್ಮನ್ನು ದೂರವಿಡಲು ಎಂದು ಇಡೀ ಕಾರಖಾನೆ ನಂಬಿತ್ತು. ಅವರೂ ನಂಬಲು ಬಿಟ್ಟಿದ್ದರು. ಇದೊಂದು ಮಾತನ್ನು ಕೆಲಸ ಬಿಟ್ಟು ಹೋಗುವಾಗಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನನ್ನ ಕಡೆ ಇದ್ದದ್ದು ಅದೊಂದ ಮಾತು," ಎಂದರು. "ಅದನ್ನೂ ಕೊಟ್ಟಿದ್ರ ನನ್ನ ಯಾರ್ ಕೇಳ್ತಿದ್ರಪಾ?"

ದೀಪಾವಳಿಗೆ ಮೊದಲೇ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಟಾಂಗಾದವನ ಹೆಂಡತಿ ಕ್ಯಾಂಪಿನ ಮನೆಗಳಲ್ಲಿ ಪಾತ್ರೆ ತಿಕ್ಕುವುದನ್ನು ಕಂಡಾಗಲೆಲ್ಲ, ಹೋಗದೆ ಇದ್ದದ್ದು ಒಳ್ಳೆಯದಾಯಿತು ಅನಿಸುತ್ತಿತ್ತು.

ಆಮೇಲೆ ನನ್ನದೇ ಭಟ್ಟಿ ಹಾಕಿದೆ. ಬಂದ ಆಳಿಗೆಲ್ಲ ಮೊದಲ ದಿನವೇ ಎಲ್ಲ ಹೇಳಿಕೊಟ್ಟೆ. ಹಾಗೆ ಕಲಿತವನೊಬ್ಬ ಎದುರಿಗೇ ಅಂಗಡಿ ಇಟ್ಟ, ನನ್ನ ಅರ್ಧ ಗಿರಾಕಿಗಳು ದಾಟಿಹೋದರು. ಅಂದು ಮಿಸ್ತ್ರಿಯ ಮುಖ ಕಣ್ಣ ಮುಂದೆ ಬಂತು... ಅವರ ಹೆದರಿಕೆ ಸುಳ್ಳಲ್ಲ. ಆದರೂ ಅವರನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ನನಗೆ ಆ ವಿದ್ಯೆ ಬಂದದ್ದು ಅವರಿಂದಲೇ, ಅವರ ಹೆಸರನ್ನು ಮಾತ್ರ ನಾನು ಯಾರ ಮುಂದೆಯೂ ಎತ್ತಿಲ್ಲ.

ಈಗ ನನಗೆ ಎರಡು ಭಟ್ಟಿ, ಮೂವರು ಆಳು, ಬಾಡಿಗೆಯ ಎರಡು ಕೋಣೆ, ಹೆಂಡತಿ, ಒಬ್ಬಳು ಮಗಳು. ಗುರು ಎನ್ನಲು ಯಾರೂ ಇಲ್ಲ.