ನರಿಯ ಕಡೆಯವರು

ಮಧುಗಿರಿಯ ನಮ್ಮ ಕಾಲೇಜಿಗೆ ಸಂಶೋಧನಾ ಯೋಜನೆಯೊಂದು ಮಂಜೂರಾದಾಗ ಅದರ ಬೆನ್ನಿಗೇ ಒಂದು ಷರತ್ತೂ ಬಂತು. ಬೇರೆ ಬೇರೆ ವಿಷಯದವರು ಸೇರಿ ಒಂದೇ ವಸ್ತುವನ್ನು ಅಧ್ಯಯನ ಮಾಡಬೇಕಂತೆ. ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನವಿಡೀ ಹಗ್ಗಜಗ್ಗಾಟ ನಡೆಯಿತು. ಇತಿಹಾಸದವರು ಕೋಟೆ ಎಂದರು, ಪ್ರಾಣಿಶಾಸ್ತ್ರದವರು ಕೋಟೆಯಲ್ಲಿ ನಮಗೇನು ಕೆಲಸ ಎಂದರು. ಕೊನೆಗೆ ನರಿ ಆಯ್ಕೆಯಾಯಿತು. ಅದರ ಮೇಲೆ ಯಾರಿಗೂ ವಿಶೇಷ ಪ್ರೀತಿ ಇತ್ತೆಂದಲ್ಲ, ಯಾರೂ ಬೇಡವೆನ್ನಲಿಲ್ಲ ಅಷ್ಟೇ.

ನಾವು ನಾಲ್ವರಾದೆವು. ಪಿಎಚ್‌ಡಿ ಮಾಡುತ್ತಿದ್ದ ಪ್ರಾಣಿಶಾಸ್ತ್ರದ ಹುಡುಗಿ, ಪಾವಗಡದ ಕಡೆಯ ಭೂಗೋಳದ ಮೇಷ್ಟ್ರು, ಕೊರಟಗೆರೆಯ ಪಶುವೈದ್ಯರು, ಮತ್ತು ಕನ್ನಡ ಪಾಠ ಮಾಡುತ್ತ ಜನಪದ ಕಥೆ ಸಂಗ್ರಹಿಸುವ ನಾನು. ವಸ್ತು ಒಂದೇ ಎಂದು ಬರೆದುಕೊಟ್ಟಿದ್ದೆವಾದರೂ ನಾಲ್ವರ ನರಿಯೂ ಬೇರೆಬೇರೆಯಾಗಿತ್ತು. ಹುಡುಗಿಯ ನರಿ ಏನು ತಿನ್ನುತ್ತದೆ, ಎಷ್ಟು ಮರಿ ಹಾಕುತ್ತದೆ ಎಂಬುದಷ್ಟೇ ಅವಳಿಗೆ ಬೇಕಿತ್ತು. ಮೇಷ್ಟ್ರ ನರಿ ನಕ್ಷೆಯ ಮೇಲಿನ ಕೆಂಪು ಚುಕ್ಕೆ. ಅವರು ಅದನ್ನು ತೆಲುಗಿನಲ್ಲಿ ಗುಂಟನಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರ ನರಿಗೆ ಸದಾ ಕಜ್ಜಿ, ಇಲ್ಲವೇ ಹುಚ್ಚು. ನನ್ನ ನರಿ ಮಾತಾಡುತ್ತಿತ್ತು, ಮದುವೆಗೆ ಹೋಗುತ್ತಿತ್ತು, ಸಿಂಹಕ್ಕೆ ಟೋಪಿ ಹಾಕುತ್ತಿತ್ತು. ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ ಉಳಿದವರು ಟೀ ತರಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಟೀ ಚೆನ್ನಾಗಿರುತ್ತಿತ್ತು.

ಕ್ಷೇತ್ರಕಾರ್ಯಕ್ಕೆ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆ ಕುರುಚಲು ಕಾಡಿನ ಅಂಚಿನ ಒಂದು ಹಳ್ಳಿಯನ್ನು ಹಿಡಿದೆವು. ಅಲ್ಲಿ ಕುರಿ ಸಾಕುವ ಮನೆಯೊಂದರ ರೊಪ್ಪದಿಂದ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಿಂದ, ಕೂಗಿದರೆ ಕೇಳುವಷ್ಟು ದೂರದಲ್ಲಿ ನರಿಯ ಬಿಲವಿತ್ತು. ಊಳಿಡುವ ದೊಡ್ಡ ನರಿಯಲ್ಲ, ಬೆಕ್ಕಿಗಿಂತ ಒಂದಿಷ್ಟು ಎತ್ತರವಾಗಿ, ಬಾಲದ ತುದಿ ಕಪ್ಪಾಗಿರುವ ಕುಳ್ಳ ನರಿ. ಹುಡುಗಿ ವಾರಗಟ್ಟಲೆ ಆ ಮನೆಯಲ್ಲೇ ಉಳಿಯುತ್ತಿದ್ದಳು. ನಾನು ಹೋದಾಗಲೆಲ್ಲ ಮನೆಯ ಅಜ್ಜಿ ನನಗೆ ನರಿ ಕಥೆಗಳನ್ನು ಹೇಳುತ್ತಿದ್ದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಅಜ್ಜಿಯ ಮಗನೇ ಮನೆಯ ಯಜಮಾನರು, ಅವರದು ಮಾತು ಕಮ್ಮಿ. ಮುದ್ದೆ ಬಡಿಸಿ ಎಂದು ಹೆಂಡತಿಗೆ ಹೇಳುವುದೇ ನಮಗೆ ಅವರ ಉಪಚಾರ.

ಶಿವರಾತ್ರಿ ಕಳೆದ ಮೇಲೆ ಆ ರೊಪ್ಪದಲ್ಲಿ ಕುರಿಮರಿಗಳು ಸಾಯತೊಡಗಿದವು. ಬೆಳಗ್ಗೆ ಎದ್ದು ನೋಡಿದರೆ ಒಂದು ಮರಿ ಕುತ್ತಿಗೆ ಹರಿದು ಬಿದ್ದಿರುತ್ತಿತ್ತು. ಮೂರನೆಯದು ಸತ್ತ ದಿನ ಯಜಮಾನರು ಹುಡುಗಿಯನ್ನೂ ನನ್ನನ್ನೂ ಕರೆದರು.

"ನಾಳೆ ಬಿಲದ ತಾವ ವಿಸ ಇಕ್ತೀನಿ ಕಣಮ್ಮ. ನಮ್ಮನೇಲಿ ಉಂಡಿದ್ದೀರಿ, ಹೇಳ್ದೆ ಇಕ್ಕಿದ್ರೆ ತಪ್ಪಾಯ್ತದೆ, ಅದಕ್ಕೆ ಹೇಳ್ತಾ ಇವ್ನಿ."

ಹುಡುಗಿ ಬಿಳಿಚಿಕೊಂಡಳು. ಬಿಲದಲ್ಲಿ ಆಗಷ್ಟೇ ಹೊರಬರಲು ಕಲಿತ ಮರಿಗಳಿದ್ದವು. ಅವು ಸತ್ತರೆ ಅವಳ ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮ. ಅವು ಸಾಯುವುದು ನನಗೂ ಬೇಕಿರಲಿಲ್ಲ, ಅವಳ ಪಿಎಚ್‌ಡಿಗಾಗಿ ಅಲ್ಲ. ಹಿಂದಿನ ಸಂಜೆ ತಾನೇ ಅವು ಬಿಲದ ಬಾಯಲ್ಲಿ ಒಂದರ ಮೇಲೊಂದು ಬಿದ್ದು ಆಡುವುದನ್ನು ನೋಡಿದ್ದೆ.

"ನರಿ ಕುರಿಮರಿ ಹಿಡಿಯಲ್ಲ ಅಣ್ಣಾ, ನನ್ನ ಹತ್ರ ಸಾಕ್ಷಿ ಇದೆ," ಎಂದಳು ಹುಡುಗಿ.

"ಸಾಕ್ಸಿ ಐತಾ? ಅಂಗಾದ್ರೆ ನ್ಯಾಯ ಸೇರಿಸ್ತೀನಿ. ನರಿ ಕಡೆಯೋರು ನೀವು. ಬಂದು ಮಾತಾಡಿ."

ತಮಾಷೆಗೆ ಹೇಳಿದರೇನೋ ಅಂದುಕೊಂಡೆ. ಇಲ್ಲ. ಆ ಊರಿನಲ್ಲಿ ಬದುವಿನ ಜಗಳವಾಗಲಿ, ಗಂಡಹೆಂಡಿರ ಜಗಳವಾಗಲಿ, ಎರಡೂ ಕಡೆಯವರ ಮಾತು ಕೇಳದೆ ಏನನ್ನೂ ಮಾಡುವ ವಾಡಿಕೆಯಿಲ್ಲ. ನರಿಗೂ ಅದೇ ಮರ್ಯಾದೆ ಸಿಕ್ಕಿತು. ಫೋನು ಮಾಡಿ ಮೇಷ್ಟ್ರನ್ನೂ ಡಾಕ್ಟರನ್ನೂ ಕರೆಸಿಕೊಂಡೆವು. ಮರುದಿನ ಬೆಳಗ್ಗೆ ರೊಪ್ಪದ ಪಕ್ಕದ ಬೇವಿನ ಮರದಡಿ ಊರಿನ ಹಿರಿಯರು ಬಂದು ಕೂತರು. ಸತ್ತ ಮರಿ ಗೋಣಿಚೀಲದಲ್ಲಿತ್ತು. ಯಜಮಾನರ ಕಾವಲು ನಾಯಿ, ತೊಡೆಯೆತ್ತರದ ಕಂದು ಬಣ್ಣದ್ದು, ಅವರ ಮೊಣಕಾಲಿಗೆ ಒರಗಿ ಮಲಗಿತ್ತು.

ಮೊದಲು ಹುಡುಗಿ ಬಿಳಿ ಹಾಳೆಯ ಮೇಲೆ ನರಿಯ ಹಿಕ್ಕೆಯಿಂದ ಬಿಡಿಸಿದ್ದನ್ನು ಹರಡಿದಳು. ಜೀರುಂಡೆಯ ರೆಕ್ಕೆ, ಎಲಚಿ ಬೀಜ, ಇಲಿಯ ಕೂದಲು, ಗೆದ್ದಲಿನ ತಲೆ. ಉಣ್ಣೆ ಎಲ್ಲೂ ಇರಲಿಲ್ಲ. ಹಿರಿಯರು ಬಗ್ಗಿ ನೋಡಿದರು. ಒಬ್ಬರು, "ಮರಿ ತಿಂದ ದಿನದ್ದು ನಿನಗೆ ಸಿಕ್ಕಿಲ್ದೇ ಇರ್ಬೋದಲ್ಲವ್ವಾ," ಎಂದರು. ಹುಡುಗಿ ಹಾಳೆ ಮಡಿಚಿಕೊಂಡಳು.

ಮೇಷ್ಟ್ರು ನಕ್ಷೆ ಬಿಚ್ಚಿದರು. ಎಲ್ಲರೂ ತಮ್ಮ ತಮ್ಮ ಹೊಲ ಎಲ್ಲಿದೆ ಎಂದು ಹುಡುಕಲು ಶುರು ಮಾಡಿದರು. ಇಬ್ಬರ ನಡುವೆ ಬದುವಿನ ಹಳೇ ತಕರಾರು ಎದ್ದಿತು. ಮೇಷ್ಟ್ರು ಗಾಬರಿಯಿಂದ ನಕ್ಷೆ ಸುತ್ತಿಟ್ಟರು.

ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. "ನಾನು ಹೇಳಿದ್ನೆಲ್ಲ ತುಂಬ್ಕೊಂಡೈದೀಯಲ್ಲ ಫೋನ್ನಾಗೆ. ಹಾಕು ಅದ್ನ."

ಹಾಕದೆ ಇರುವಂತಿರಲಿಲ್ಲ. ಅಜ್ಜಿಯದೇ ದನಿಯಲ್ಲಿ ನರಿ ಕುರಿಯ ಚರ್ಮ ಹೊದ್ದು ರೊಪ್ಪಕ್ಕೆ ನುಗ್ಗಿತು, ದಷ್ಟಪುಷ್ಟ ಮರಿಯನ್ನು ಆರಿಸಿತು, ಯಜಮಾನನಿಗೆ ನಮಸ್ಕಾರ ಹೇಳಿ ಹೊರಟಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಥೆಯಲ್ಲಿರುವ ನರಿ ನಿಜವಾಗಿ ಮನುಷ್ಯನೇ, ಅವನ ಕಳ್ಳಬುದ್ಧಿಯನ್ನು ನರಿಯ ಮೇಲೆ ಹೊರಿಸಿದ್ದಾರೆ ಎಂದು ನಾನು ಕ್ಲಾಸಿನಲ್ಲಿ ಹೇಳುವುದನ್ನೇ ಅಲ್ಲೂ ಹೇಳಿದೆ. ಕ್ಲಾಸಿನಲ್ಲಾದರೆ ಒಬ್ಬಿಬ್ಬರು ಬರೆದುಕೊಳ್ಳುತ್ತಾರೆ. ಇಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನರಿಯ ಕಡೆಯವಳಾಗಿ ಬಂದು ನರಿಗೇ ಮುಳುವಾಗಿದ್ದೆ. ಹುಡುಗಿ ನನ್ನನ್ನು ನೋಡಿದ ನೋಟವನ್ನು ಇನ್ನೂ ಮರೆತಿಲ್ಲ.

ಕೊನೆಗೆ ಡಾಕ್ಟರು ಎದ್ದು ಗೋಣಿಚೀಲದಿಂದ ಮರಿಯನ್ನು ಹೊರತೆಗೆದರು. ಕುತ್ತಿಗೆಯ ಉಣ್ಣೆ ಕತ್ತರಿಸಿ, ರಕ್ತ ತೊಳೆದು, ಯಜಮಾನರನ್ನು ಹತ್ತಿರ ಕರೆದರು.

"ಕೋರೆಹಲ್ಲಿನ ಗುರುತು ನೋಡಿ. ಈ ಹಲ್ಲಿಗೂ ಆ ಹಲ್ಲಿಗೂ ನಡುವೆ ಎರಡು ಬೆರಳು ಹಿಡಿಯುತ್ತೆ. ಕುಳ್ಳ ನರಿ ಬಾಯಿ ಅದರ ಅರ್ಧ ಇರುತ್ತೆ. ಇದು ನಾಯಿ ಕಚ್ಚಿರೋದು."

"ಯಾವ ನಾಯಿ?"

"ಅದನ್ನ ಹೇಳೋಕಾಗಲ್ಲ. ಊರಿನ ಯಾವ ನಾಯಿ ಬೇಕಾದ್ರೂ ಆಗಿರಬಹುದು."

ಯಜಮಾನರು ಗಾಯದ ಮೇಲೆ ತಮ್ಮ ಎರಡು ಬೆರಳಿಟ್ಟು ನೋಡಿದರು. ಆಮೇಲೆ ಮರದಡಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ತಮ್ಮ ನಾಯಿಯ ಗದ್ದ ಹಿಡಿದರು. ಅದು ಆಟವೆಂದು ತಿಳಿದು ತಾನೇ ಬಾಯಿ ತೆರೆಯಿತು. ಕೋರೆಹಲ್ಲುಗಳ ನಡುವೆ ಬೆರಳಿಟ್ಟರು. ಡಾಕ್ಟರು ದೂರದಿಂದಲೇ, "ಆ ಗಾತ್ರದ ನಾಯಿಗೆಲ್ಲ ಅಷ್ಟೇ ಇರುತ್ತೆ ಯಜಮಾನರೇ," ಎಂದರು. ಯಜಮಾನರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆರಳನ್ನು ಇನ್ನೂ ಒಳಕ್ಕೆ ಹಾಕಿ, ದವಡೆಹಲ್ಲಿನ ಸಂದಿಯಿಂದ ಏನನ್ನೋ ಎಳೆದರು. ಕುರಿಮರಿಯ ಬಿಳಿ ಉಣ್ಣೆ.

ಹುಡುಗಿ ನನ್ನ ಕೈ ಒತ್ತಿ, "ಉಳೀತು ಮೇಡಂ," ಎಂದು ಪಿಸುಗುಟ್ಟಿದಳು. ನನಗೂ ಎದೆ ಹಗುರಾಯಿತು, ಸುಳ್ಳೇಕೆ ಹೇಳಲಿ.

ಯಜಮಾನರು ಹಿರಿಯರ ಕಡೆ ತಿರುಗಿ, "ನರೀದು ಏನೂ ತಪ್ಪಿಲ್ಲ ಬುಡಿ," ಎಂದರು. ಅಲ್ಲಿಗೆ ನ್ಯಾಯ ಮುಗಿಯಿತು. ಮರಿಯ ರುಚಿ ಹತ್ತಿದ ನಾಯಿಯನ್ನು ರೊಪ್ಪದಲ್ಲಿ ಇಟ್ಟುಕೊಳ್ಳುವವರಿಲ್ಲ, ದೂರ ಒಯ್ದು ಬಿಟ್ಟುಬರುತ್ತಾರೆ, ಅದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಆದರೂ ಅವರು ನಮ್ಮ ಕಡೆ ಬಂದರು.

"ಇಷ್ಟು ಜನ ಓದ್ದೋರಿದ್ದೀರಿ. ಹತ್ತಿದ ರುಚಿ ಬುಡಿಸಾಕೆ ನಿಮ್ಮ ಓದ್ನಾಗೆ ಏನಾರ ಐತಾ ಡಾಕ್ಟ್ರೇ?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಯಜಮಾನರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಾವು ನರಿಯನ್ನಷ್ಟೇ ಓದಿದ್ದೆವು.

ಹೆಂಡತಿಗೆ ಹೇಳಿ ಒಂದು ಮುದ್ದೆ ತರಿಸಿದರು. ನಾಯಿ ಪೂರ್ತಿ ತಿನ್ನುವವರೆಗೆ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಮೊಪೆಡ್ ಹತ್ತಿ ಅದನ್ನು ಕರೆದರು. ಅದು ಬಾಲ ಅಲ್ಲಾಡಿಸುತ್ತ ತಾನೇ ನೆಗೆದು ಅವರ ಕಾಲುಗಳ ನಡುವೆ ಕೂತಿತು.